ಮಳೆಯೋ ಬಳೆಯೋ: ಕಿವಿಯೊಳಗೆ ಯಂತ್ರ ಇಳಿಸಿಕೊಂಡ ಹದಿನಾಲ್ಕು ತಿಂಗಳು

ತುಟಿ ನೋಡಿ ಮಾತು ಹಿಡಿಯುವವರಿಗೆ ‘ಮಳೆ’ಗೂ ‘ಬಳೆ’ಗೂ ವ್ಯತ್ಯಾಸವಿಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಕೂಡಿ ಬಿಡುತ್ತದೆ. ಕನ್ನಡಿ ಮುಂದೆ ನಿಂತು ಸದ್ದು ಮಾಡದೆ ‘ಮರ, ಬರ, ಪರ’ ಅಂದು ನೋಡಿ, ಗೊತ್ತಾಗುತ್ತದೆ. ಹದಿನೇಳು ವರ್ಷ ನಾನು ಹೀಗೆ ಊಹೆಯ ಮೇಲೇ ಬದುಕಿದೆ. ಎದುರಿನವರು ಏನಂದಿರಬಹುದು ಎಂದು ಲೆಕ್ಕ ಹಾಕುವುದು, ಲೆಕ್ಕ ತಪ್ಪಿದಾಗ ನಕ್ಕು ಜಾರಿಕೊಳ್ಳುವುದು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಕೊನೇ ಬೆಂಚಿನ ಮಗು ಕೇಳಿದ ಪ್ರಶ್ನೆಗೆ ಮೂರನೇ ಸಲವೂ ಬೇರೇನೋ ಉತ್ತರ ಕೊಟ್ಟು ಇಡೀ ತರಗತಿ ಗೊಳ್ಳೆಂದು ನಕ್ಕ ದಿನ ಆ ಕೆಲಸ ಬಿಟ್ಟೆ. ಆಮೇಲೆ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡೆ. ಮೊದಲ ಪರೀಕ್ಷೆಯಿಂದ ಹೋದ ವಾರದ ಮ್ಯಾಪಿಂಗ್‌ವರೆಗೆ (ಯಂತ್ರದ ಕರೆಂಟನ್ನು ನನ್ನ ಕಿವಿಗೆ ಹೊಂದಿಸುವ ಕೆಲಸ) ಹದಿನಾಲ್ಕು ತಿಂಗಳು. ಈ ದಾರಿಯಲ್ಲಿ ನನಗೆ ಯಾರೂ ಹೇಳದೇ ಇದ್ದದ್ದನ್ನು, ಹೇಳಿದ್ದರೂ ನನಗೆ ಕೇಳಿಸದೇ ಹೋದದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ, ಯಾಕೆಂದರೆ ನನ್ನ ನೆಂಟರಲ್ಲಿ ಅರ್ಧ ಜನಕ್ಕೆ ಇನ್ನೂ ಇದು ‘ಒಳಗೆ ಇಡುವ ಹಿಯರಿಂಗ್ ಏಡ್’. ಅಲ್ಲ. ಹಿಯರಿಂಗ್ ಏಡ್ ಸದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ದೊಡ್ಡದಾದ ಸದ್ದನ್ನು ನರಕ್ಕೆ ದಾಟಿಸಲು ಒಳಗಿವಿಯಲ್ಲಿ ಕೂದಲುಕೋಶಗಳು ಇರಬೇಕು. ಹುಟ್ಟುವಾಗ ಒಂದೊಂದು ಕಿವಿಯಲ್ಲಿ ಈ ಕೆಲಸಕ್ಕೆ ಇರುವುದೇ ಸುಮಾರು 3,500 ಒಳಸಾಲಿನ ಕೋಶಗಳು. ಸತ್ತರೆ ಮತ್ತೆ ಹುಟ್ಟುವುದಿಲ್ಲ. ನನ್ನವು ಒಂದೊಂದಾಗಿ ಹೋಗಿದ್ದವು. ಏಡ್ ಎಷ್ಟು ಜೋರು ಮಾಡಿದರೂ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆಯೇ. ಇಂಪ್ಲಾಂಟ್ ಆ ಕೋಶಗಳ ಗೋಜಿಗೇ ಹೋಗುವುದಿಲ್ಲ. ಕಿವಿಯ ಹಿಂದೆ ಕೂರುವ ಪ್ರೊಸೆಸರ್ ಸದ್ದನ್ನು ಬಿಡಿಸಿ ಸಂಕೇತ ಮಾಡುತ್ತದೆ. ಆಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುವ ಕಾಯಿಲ್ ಅದನ್ನು ಚರ್ಮದಾಚೆಗೆ ರೇಡಿಯೋ ಅಲೆಯಾಗಿ ಕಳಿಸುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾದೊಳಗೆ ಮಲಗಿರುವ ಎಲೆಕ್ಟ್ರೋಡ್‌ಗಳು ನೇರವಾಗಿ ನರಕ್ಕೆ ಕರೆಂಟ್ ಕೊಡುತ್ತವೆ. ಒಳಗಿನ ಭಾಗಕ್ಕೆ ಬ್ಯಾಟರಿ ಇಲ್ಲ, ಶಕ್ತಿಯೂ ಹೊರಗಿನಿಂದಲೇ ಹೋಗಬೇಕು. ಕಾಯಿಲ್ ಕಿತ್ತರೆ ಆ ಕಿವಿ ಮತ್ತೆ ಪೂರ್ತಿ ಕಿವುಡು.

ಪರೀಕ್ಷೆಗಳೇ ಆರು ವಾರ ತಿಂದವು. ಶಬ್ದರಹಿತ ಕೋಣೆಯಲ್ಲಿ ಕೂರಿಸಿ ‘ಪೀಂ’ ಕೇಳಿದಾಗ ಗುಂಡಿ ಒತ್ತುವ ಆಡಿಯೋಗ್ರಾಮ್ ಎಲ್ಲರಿಗೂ ಗೊತ್ತು. ಅದರಲ್ಲಿ ನನ್ನ ಬಲಗಿವಿ 100 ಡೆಸಿಬೆಲ್ ಆಸುಪಾಸು, ಎಡಗಿವಿ 75; ಸಂಖ್ಯೆ ಹೆಚ್ಚಿದಷ್ಟೂ ಕಿವುಡು ಹೆಚ್ಚು. ಆದರೆ ನೀವು ಇಂಪ್ಲಾಂಟ್‌ಗೆ ಅರ್ಹರೋ ಅಲ್ಲವೋ ಎಂದು ತೀರ್ಮಾನಿಸುವುದು ಮುಖ್ಯವಾಗಿ ಅದಲ್ಲ. ಏಡ್ ಹಾಕಿಕೊಂಡು ವಾಕ್ಯ ಕೇಳಿ ತಿರುಗಿ ಹೇಳುವ ಪರೀಕ್ಷೆ. ನಾನು ಇಲ್ಲಿ ಒಂದು ದಡ್ಡತನ ಮಾಡಿದೆ. ಹದಿನೇಳು ವರ್ಷದ ಅಭ್ಯಾಸಬಲದಿಂದ, ಅರ್ಧ ಕೇಳಿದ ವಾಕ್ಯಗಳನ್ನು ಬುದ್ಧಿ ಓಡಿಸಿ ಪೂರ್ತಿ ಮಾಡಿ ಹೇಳಿಬಿಟ್ಟೆ. ಜಾಣತನಕ್ಕೆ ಅಂಕ ಸಿಕ್ಕಿತು, ‘ಸದ್ಯಕ್ಕೆ ಏಡ್ ಸಾಕಾಗಬಹುದು’ ಎಂದು ವರದಿಯಲ್ಲಿ ಬಂತು. ಎರಡನೇ ಸಲ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ಪಟ್ಟಿ ಬದಲಿಸಿ, ಹಿಂದೆ ಗದ್ದಲ ಹಾಕಿ, ಬಾಯಿ ಮುಚ್ಚಿಕೊಂಡು ಓದಿದರು. ಬಲಗಿವಿ ನೂರಕ್ಕೆ 4. ಪರೀಕ್ಷೆಗೆ ಹೋಗುವವರು ದಯವಿಟ್ಟು ಕೇಳಿದ್ದನ್ನಷ್ಟೇ ಹೇಳಿ. ಇದು ಪಾಸಾಗಬೇಕಾದ ಪರೀಕ್ಷೆಯಲ್ಲ.

ಆಮೇಲೆ ಸಿಟಿ ಸ್ಕ್ಯಾನ್, ಎಂಆರ್‌ಐ. ಮೊದಲನೆಯದು ಎಲುಬನ್ನು ನೋಡುವುದಕ್ಕೆ, ಎರಡನೆಯದು ನರ ಇದೆಯೇ, ಕಾಕ್ಲಿಯಾದೊಳಗೆ ದ್ರವ ಇದೆಯೇ ಎಂದು ನೋಡುವುದಕ್ಕೆ. ಮೆನಿಂಜೈಟಿಸ್‌ನಿಂದ (ಮಿದುಳಿನ ಪೊರೆಯ ಉರಿಯೂತ) ಕಿವುಡಾದವರಲ್ಲಿ ಆ ದ್ರವದ ಜಾಗದಲ್ಲಿ ಎಲುಬು ಬೆಳೆದುಬಿಡಬಹುದಂತೆ, ಅಂಥವರು ತಿಂಗಳುಗಟ್ಟಲೆ ಕಾಯುವ ಹಾಗೇ ಇಲ್ಲ. ನನಗೆ ಆ ತೊಂದರೆ ಇರಲಿಲ್ಲ. ಎಂಆರ್‌ಐ ಇನ್ನೆಲ್ಲಿಗಾದರೂ ಬೇಕಿದ್ದರೆ, ಮೊಣಕಾಲೋ ಬೆನ್ನೋ, ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಸಿಕೊಳ್ಳಿ. ಒಮ್ಮೆ ತಲೆಯೊಳಗೆ ಆಯಸ್ಕಾಂತ ಕೂತ ಮೇಲೆ ಆ ಯಂತ್ರದ ಹತ್ತಿರ ಹೋಗುವುದೇ ಒಂದು ದೊಡ್ಡ ವಿಚಾರಣೆ.

ಯಾವ ಕಿವಿ ಎಂಬ ಪ್ರಶ್ನೆಗೆ ನಾನು ಎರಡು ವಾರ ನಿದ್ದೆ ಕೆಡಿಸಿಕೊಂಡೆ. ಉಳಿದಿರುವ ಒಳ್ಳೆಯ ಕಿವಿಗೆ ಹಾಕಿಸಿದರೆ ಫಲ ಚೆನ್ನಾಗಿರಬಹುದು, ಆದರೆ ಎಲೆಕ್ಟ್ರೋಡ್ ಒಳಗೆ ಹೋಗುವಾಗ ಅಲ್ಲಿರುವ ಸಹಜ ಶ್ರವಣವೂ ಹೋಗಿಬಿಡಬಹುದು. ಕೆಟ್ಟ ಕಿವಿಗೆ ಹಾಕಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ, ಆದರೆ ಅಲ್ಲಿ ನರ ವರ್ಷಗಟ್ಟಲೆ ಖಾಲಿ ಕೂತಿದೆ. ಕಿವುಡಾಗಿ ಎಷ್ಟು ವರ್ಷವಾಯಿತು ಎನ್ನುವುದು ಫಲಿತಾಂಶವನ್ನು ತುಂಬಾ ನಿರ್ಧರಿಸುತ್ತದೆ. ಬಲಗಿವಿಯಲ್ಲಿ ನಾನು ಕೊನೆಯವರೆಗೂ ಏಡ್ ಹಾಕುತ್ತಿದ್ದೆ, ಅದರಿಂದ ಏನೂ ಕೇಳದಿದ್ದರೂ. ‘ಅದೇ ನಿಮ್ಮನ್ನು ಕಾಪಾಡಿದ್ದು’ ಅಂದರು ಸರ್ಜನ್. ಬಲ ಎಂದು ನಿಶ್ಚಯವಾಯಿತು.

ಈ ಮಧ್ಯೆ ಹಿತೈಷಿಗಳು. ‘ಸ್ವಲ್ಪ ತಡಿ, ಈಗ ಮಿದುಳಿಗೇ ಚಿಪ್ ಹಾಕ್ತಾರಂತೆ’ ಎಂದು ದಿನಕ್ಕೊಂದು ವೀಡಿಯೋ. 2024ರ ಜನವರಿಯಲ್ಲಿ ನ್ಯೂರಾಲಿಂಕ್‌ನವರು ಮೊದಲ ಮನುಷ್ಯನಿಗೆ ಚಿಪ್ ಕೂರಿಸಿದ್ದರಲ್ಲ, ಕುತ್ತಿಗೆ ಕೆಳಗೆ ಚಲನೆ ಇಲ್ಲದ ಆತ ಬರೀ ಯೋಚನೆಯಿಂದ ಕಂಪ್ಯೂಟರಿನಲ್ಲಿ ಚೆಸ್ ಆಡಿದ್ದನ್ನು ನನಗೆ ಒಂಬತ್ತು ಜನ ಕಳಿಸಿದ್ದಾರೆ. ನಾನೂ ಆಸೆಗೆ ಬಿದ್ದೆ. ಸರ್ಜನ್‌ಗೆ ನೇರವಾಗಿಯೇ ಕೇಳಿದೆ, ಐದು ವರ್ಷ ಕಾದರೆ ಇದಕ್ಕಿಂತ ಒಳ್ಳೆಯದು ಬರುತ್ತದೆಯೇ ಎಂದು. ಅವರು ಹಾಳೆಯ ಮೇಲೆ ಸುರುಳಿ ಬರೆದು ತೋರಿಸಿದರು. ಕರೆಂಟ್ ಕಾಕ್ಲಿಯಾದ ಉಪ್ಪುನೀರಿನಲ್ಲಿ ಹರಡಿಕೊಳ್ಳುತ್ತದೆ; 22 ಎಲೆಕ್ಟ್ರೋಡ್ ಇದ್ದರೂ ಮಿದುಳಿಗೆ ಬೇರೆ ಬೇರೆಯಾಗಿ ತಿಳಿಯುವುದು ಏಳೆಂಟು ಕಾಲುವೆ ಮಾತ್ರ. ಬೆಳಕಾದರೆ ಹಾಗೆ ಹರಡುವುದಿಲ್ಲ. ಅದಕ್ಕೆ ನರಕೋಶಗಳು ಬೆಳಕಿಗೆ ಸ್ಪಂದಿಸುವಂತೆ ಜೀನ್ ಚಿಕಿತ್ಸೆ ಮಾಡಿ, ಬೆಳಕಿನಿಂದ ನರವನ್ನು ಮೀಟುವ ಇಂಪ್ಲಾಂಟ್ ಬಗ್ಗೆ ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ವರ್ಷಗಳಿಂದ ಕೆಲಸ ನಡೆದಿದೆ. ಹೊರಗೆ ಏನೂ ಕಾಣದ, ಪೂರ್ತಿ ಚರ್ಮದಡಿ ಕೂರುವ ಇಂಪ್ಲಾಂಟ್‌ಗಳೂ ಪ್ರಯೋಗದ ಹಂತದಲ್ಲಿವೆ. ಇಷ್ಟು ಹೇಳಿ ಕೊನೆಗೆ, ‘ತಂತ್ರಜ್ಞಾನ ಕಾಯುತ್ತೆ, ನಿಮ್ಮ ನರ ಕಾಯಲ್ಲ’ ಅಂದರು. ಅಂದೇ ಸಹಿ ಹಾಕಿದೆ.

ಸಹಿ ಹಾಕಿದ್ದು ನಾನು, ದಿನಾಂಕ ಕೊಡಬೇಕಾದದ್ದು ವಿಮೆಯವರು. ಇಲ್ಲಿ ನಿಜವಾದ ಪಾಡು ಶುರು. ಕಳಿಸಿದ ಕಾಗದಗಳು: ಎರಡೂ ಆಡಿಯೋಗ್ರಾಮ್, ಏಡ್ ಹಾಕಿದಾಗಿನದು ಮತ್ತು ಹಾಕದಾಗಿನದು ಬೇರೆ ಬೇರೆ, ವಾಕ್ಯ ಪರೀಕ್ಷೆಯ ಅಂಕಪಟ್ಟಿ, ಸ್ಕ್ಯಾನ್ ವರದಿ, ಸರ್ಜನ್ ಪತ್ರ, ಆಸ್ಪತ್ರೆಯ ಅಂದಾಜು ಪಟ್ಟಿ. ಹನ್ನೆರಡನೇ ದಿನ ಉತ್ತರ ಬಂತು. ಒಳಗೆ ಕೂರುವ ಭಾಗಕ್ಕೆ ಒಪ್ಪಿಗೆ, ಹೊರಗಿನ ಪ್ರೊಸೆಸರ್ ‘ಶ್ರವಣ ಸಾಧನ’ವಾದ್ದರಿಂದ ಪಾಲಿಸಿಯಲ್ಲಿ ಬರುವುದಿಲ್ಲ. ಅಂದರೆ ಬೀಗಕ್ಕೆ ಹಣ ಕೊಡುತ್ತೇವೆ, ಬೀಗದಕೈ ನೀವೇ ತನ್ನಿ. ನಾನು ಸಿಟ್ಟಿನಲ್ಲಿ ಎರಡು ಪುಟ ಬರೆದೆ. ಆಡಿಯಾಲಜಿಸ್ಟ್ ಓದಿ, ಹರಿದುಹಾಕಿ, ನಾಲ್ಕು ಸಾಲಿನ ಪತ್ರ ಬರೆದುಕೊಟ್ಟರು: ಒಳಗಿನ ಭಾಗಕ್ಕೆ ಬ್ಯಾಟರಿ ಇಲ್ಲ, ಪ್ರೊಸೆಸರ್ ಇಲ್ಲದೆ ಅದು ಕೆಲಸ ಮಾಡುವುದೇ ಇಲ್ಲ, ಎರಡೂ ಸೇರಿ ಒಂದೇ ಉಪಕರಣ, ತಯಾರಕರು ಒಂದೇ ವ್ಯವಸ್ಥೆಯಾಗಿ ನೋಂದಾಯಿಸಿದ್ದಾರೆ. ಅದರ ಜೊತೆಗೆ ತಯಾರಕರ ಮಾಹಿತಿ ಹಾಳೆ. ಮತ್ತೆ ಹತ್ತೊಂಬತ್ತು ದಿನ ಕಾದ ಮೇಲೆ ಮಂಜೂರಾಯಿತು. ನಿಮ್ಮ ಅಂದಾಜು ಪಟ್ಟಿಯಲ್ಲಿ ಒಳಭಾಗ, ಹೊರಭಾಗ ಎಂದು ಎರಡು ಸಾಲಾಗಿ ಬಿಡಿಸಿ ಬರೆದಿದ್ದರೆ, ಕಳಿಸುವ ಮೊದಲೇ ಈ ನಾಲ್ಕು ಸಾಲನ್ನು ಲಗತ್ತಿಸಿ. ಹಾಗೆಯೇ ಆಸ್ಪತ್ರೆಯ ಕಡತದಲ್ಲಿ, ಪಾಲಿಸಿಯಲ್ಲಿ, ಗುರುತಿನ ಚೀಟಿಯಲ್ಲಿ ಹೆಸರಿನ ಇನಿಶಿಯಲ್ ಒಂದೇ ಕಡೆ ಇದೆಯೇ ನೋಡಿಕೊಳ್ಳಿ. ನನ್ನದು ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ. ಅದಕ್ಕೇ ನಾಲ್ಕು ದಿನ ಹೋಯಿತು.

ದಿನಾಂಕ ಸಿಕ್ಕ ಸಂತೋಷದಲ್ಲಿ ಅರಿವಳಿಕೆ ತಪಾಸಣೆಗೆ ಹೋದರೆ, ‘ನ್ಯೂಮೋಕಾಕಲ್ ಲಸಿಕೆ ಎಲ್ಲಿ?’ ಎಂದು ಕೇಳಿದರು. ಯಾವ ಲಸಿಕೆ? ಇಂಪ್ಲಾಂಟ್ ಇರುವವರಿಗೆ ಮೆನಿಂಜೈಟಿಸ್ ಅಪಾಯ ಸ್ವಲ್ಪ ಹೆಚ್ಚು ಎಂದು 2002ರ ಸುಮಾರಿಗೆ ಗೊತ್ತಾದ ಮೇಲೆ ಈ ಲಸಿಕೆ ಎಲ್ಲ ಕಡೆ ಕಡ್ಡಾಯದ ಹಾಗೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ ಎರಡು ವಾರ ಮೊದಲು ಆಗಿರಬೇಕು. ನನ್ನ ದಿನಾಂಕ ಐದು ದಿನ ಮುಂದಿತ್ತು. ರದ್ದಾಯಿತು, ಮತ್ತೆ ಸಾಲು, ಮತ್ತೆ ಮೂರೂವರೆ ವಾರ. ಯಾರೋ ಮೊದಲೇ ಹೇಳಿದ್ದರಂತೆ. ಹೇಳಿದ್ದು ಬಾಯಲ್ಲಿ, ನನಗೆ! ಕಿವಿ ಕೇಳದವರಿಗೆ ಸೂಚನೆಗಳನ್ನು ಬಾಯಲ್ಲಿ ಹೇಳುವ ಈ ವಿಭಾಗದ ವಿಚಿತ್ರಕ್ಕೆ ನನಗೆ ಇವತ್ತಿಗೂ ಸಮಾಧಾನವಿಲ್ಲ. ಅಂದಿನಿಂದ ಒಂದು ನೋಟ್‌ಬುಕ್ ಮುಂದಿಟ್ಟು, ‘ಇದರಲ್ಲಿ ಬರೆದುಕೊಡಿ’ ಅನ್ನುವುದನ್ನು ಕಲಿತೆ. ನಾಚಿಕೆ ಬೇಡ.

ಶಸ್ತ್ರಚಿಕಿತ್ಸೆ ಬಗ್ಗೆ ಹೇಳುವುದು ಕಡಿಮೆ, ನಾನು ನಿದ್ದೆಯಲ್ಲಿದ್ದೆ. ಕಿವಿ ಹಿಂದಿನ ಎಲುಬನ್ನು ಕೊರೆದು, ಮುಖದ ನರದ ಪಕ್ಕದಲ್ಲೇ ದಾರಿ ಮಾಡಿ, ಕಾಕ್ಲಿಯಾದ ಕಿಟಕಿಯಿಂದ ಎಲೆಕ್ಟ್ರೋಡ್‌ಗಳಿರುವ ತೆಳ್ಳನೆಯ ಎಳೆಯನ್ನು ತಳ್ಳುತ್ತಾರೆ. ಎರಡೂವರೆ ಗಂಟೆ. ಮೇಜಿನ ಮೇಲಿರುವಾಗಲೇ ಪ್ರತಿ ಎಲೆಕ್ಟ್ರೋಡ್‌ಗೂ ಕರೆಂಟ್ ಕೊಟ್ಟು ನರ ಉತ್ತರಿಸುತ್ತದೆಯೇ ಎಂದು ಅಳೆಯುತ್ತಾರೆ. ಮರುದಿನ ಮನೆಗೆ. ನೋವು ನಾನು ಹೆದರಿದ್ದಷ್ಟು ಇರಲಿಲ್ಲ. ಹೆದರದೇ ಇದ್ದದ್ದು ಕಾಡಿತು: ತಲೆಸುತ್ತು. ಮೂರು ದಿನ ಗೋಡೆ ಹಿಡಿದೇ ನಡೆದೆ, ಸಮತೋಲದ ಅಂಗ ಕಾಕ್ಲಿಯಾದ ಪಕ್ಕದ ಮನೆಯಲ್ಲೇ ಇರುವುದು. ಇನ್ನೊಂದು, ನಾಲಿಗೆಯ ಬಲಭಾಗಕ್ಕೆ ಏನಿಟ್ಟರೂ ಕಬ್ಬಿಣ ನೆಕ್ಕಿದ ರುಚಿ. ರುಚಿಯ ನರ ನಡುಗಿವಿಯ ಮೂಲಕವೇ ಹಾಯುತ್ತದೆ, ಅದಕ್ಕೆ ಸ್ವಲ್ಪ ಏಟು ಬಿದ್ದಿತ್ತು. ಎರಡು ತಿಂಗಳಿಗೆ ಸರಿಯಾಯಿತು. ಡಿಸ್‌ಚಾರ್ಜ್ ಆಗುವಾಗ ಇಂಪ್ಲಾಂಟ್ ಗುರುತು ಕಾರ್ಡ್ ಕೇಳಿ ತೆಗೆದುಕೊಳ್ಳಿ. ಮಾಡೆಲ್, ಸೀರಿಯಲ್ ಸಂಖ್ಯೆ, ಯಾವ ಕಿವಿ ಎಲ್ಲ ಅದರಲ್ಲಿ ಇರುತ್ತದೆ, ಮುಂದೆ ಪ್ರತಿಯೊಬ್ಬರೂ ಕೇಳುವುದು ಅದನ್ನೇ.

ಗಾಯ ಒಣಗಲಿ ಎಂದು ಇಪ್ಪತ್ತನಾಲ್ಕು ದಿನ ಸುಮ್ಮನೆ. ಹೊರಗಿನ ಭಾಗ ಕೊಟ್ಟಿರುವುದಿಲ್ಲ, ಆ ಕಿವಿಗೆ ಹಳೆಯ ಏಡ್ ಹಾಕಿದರೂ ಪ್ರಯೋಜನವಿಲ್ಲ. ಅಲ್ಲಿದ್ದ ಚೂರುಪಾರು ಶ್ರವಣವೂ ಹೋಗಿತ್ತು. ಬದಲಿಗೆ ಕಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ. ಹಾಕಿಸಿಕೊಂಡು ತಪ್ಪು ಮಾಡಿದೆನೇ ಎಂದು ಅಳು ಬಂದದ್ದು ಈ ದಿನಗಳಲ್ಲೇ, ಶಸ್ತ್ರಚಿಕಿತ್ಸೆಯ ದಿನವಲ್ಲ. ನಿಮ್ಮ ಮನೆಯವರಿಗೆ ಇದನ್ನು ಮೊದಲೇ ಹೇಳಿಟ್ಟಿರಿ.

ಸ್ವಿಚ್ ಆನ್ ದಿನದ ವೀಡಿಯೋಗಳನ್ನು ನೀವೂ ನೋಡಿರುತ್ತೀರಿ. ಯಂತ್ರ ಹಚ್ಚಿದ ಕೂಡಲೇ ಕಣ್ಣೀರು, ಅಪ್ಪುಗೆ. ನನ್ನ ಅಕ್ಕ ಮೊಬೈಲ್ ಹಿಡಿದು ತಯಾರಾಗಿ ನಿಂತಿದ್ದಳು. ಪರದೆಯ ಮೇಲೆ 22 ಕಂಬ. ಆಡಿಯಾಲಜಿಸ್ಟ್ ಒಂದೊಂದೇ ಎಲೆಕ್ಟ್ರೋಡ್‌ಗೆ ಕರೆಂಟ್ ಏರಿಸುತ್ತಾ ಹೋದರು, ‘ಕೇಳಿಸಿತು’ ಅಂದಲ್ಲಿ ಕೆಳಗಿನ ಗೆರೆ, ‘ಸಾಕು’ ಅಂದಲ್ಲಿ ಮೇಲಿನ ಗೆರೆ. ಸುರುಳಿಯ ಬುಡದವು ತೀಕ್ಷ್ಣ, ತುದಿಯವು ದಪ್ಪ ದನಿ. ನಡುವೆ ಎರಡು ಎಲೆಕ್ಟ್ರೋಡ್ ಬಂದಾಗ ಸದ್ದೇ ಇಲ್ಲ, ಬಲಗೆನ್ನೆ ತಾನಾಗಿ ಅದುರಿತು. ಪಕ್ಕದ ಮುಖದ ನರಕ್ಕೆ ಕರೆಂಟ್ ಸೋರುತ್ತಿತ್ತು. ಆ ಎರಡನ್ನೂ ಆರಿಸಿದರು, ಉಳಿದದ್ದು 20. ಆಮೇಲೆ ಎಲ್ಲ ಒಟ್ಟಿಗೆ ಹಚ್ಚಿ ಅವರೇನೋ ಮಾತಾಡಿದರು. ನನಗೆ ಕೇಳಿದ್ದು ಟಿಂಟಿಂಟಿಂ. ಗಾಜಿನ ಗೋಲಿಗಳನ್ನು ತಗಡಿನ ಮೇಲೆ ಸುರಿದ ಹಾಗೆ. ಅಕ್ಕ ಮಾತಾಡಿದರೂ ಅದೇ ಗೋಲಿ, ನಾನೇ ಮಾತಾಡಿದರೂ ಅದೇ. ‘ಹೇಗಿದೆ?’ ಎಂದು ಬರೆದು ಕೇಳಿದರು. ‘ಇದು ಮಾತಲ್ಲ’ ಅಂದೆ. ಅಕ್ಕ ಮೊಬೈಲ್ ಕೆಳಗಿಳಿಸಿದಳು. ಆಡಿಯಾಲಜಿಸ್ಟ್ ಮಾತ್ರ ನಕ್ಕರು: ನರ ಉತ್ತರಿಸುತ್ತಿದೆ, ಇವತ್ತಿಗೆ ಇಷ್ಟು ಸಾಕು.

ಮೊದಲ ವಾರ ಒಂದು ಕಿರ್ ಕಿರ್ ಸದ್ದು ಮನೆ ತುಂಬ ನನ್ನ ಹಿಂದೆಯೇ ಬರುತ್ತಿತ್ತು. ಕೂತರೆ ನಿಲ್ಲುತ್ತದೆ, ಎದ್ದರೆ ಶುರು. ಯಂತ್ರ ಕೆಟ್ಟಿದೆ ಎಂದೇ ತೀರ್ಮಾನಿಸಿದೆ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು: ಅಂಗಿಯ ಕಾಲರ್ ಪ್ರೊಸೆಸರ್‌ನ ಮೈಕಿಗೆ ತಗುಲುವ ಸದ್ದು. ಹೀಗೆ ಒಂದೊಂದೇ ಸದ್ದಿಗೆ ಒಂದೊಂದು ಹೆಸರು. ಕಾಗದ ಮಡಚುವುದು, ನಲ್ಲಿ, ಪೆನ್ನಿನ ಗುಂಡಿ, ನನ್ನದೇ ಉಸಿರು. ಜಗತ್ತು ಇಷ್ಟು ಗಲಾಟೆಯದು ಎಂದು ಮರೆತೇಹೋಗಿತ್ತು. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿತ್ತು, ಕಿತ್ತಿಟ್ಟುಬಿಡೋಣ ಅನ್ನಿಸುತ್ತಿತ್ತು. ಕೀಳಬೇಡಿ. ಎಚ್ಚರ ಇರುವಷ್ಟು ಹೊತ್ತೂ ಹಾಕಿಕೊಂಡಿರಿ. ಪ್ರೊಸೆಸರ್ ದಿನಕ್ಕೆ ಎಷ್ಟು ಗಂಟೆ ಹಾಕಿದ್ದೀರಿ ಎಂದು ತಾನೇ ದಾಖಲಿಸುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ನಾನು ಹೇಳಿ ಸಿಕ್ಕಿಬಿದ್ದೆ.

ಮನೆಪಾಠ ದಿನಕ್ಕೆ ಒಂದು ಗಂಟೆ. ಅಕ್ಕ ರಟ್ಟು ಅಡ್ಡ ಹಿಡಿದು ಓದುವುದು, ನಾನು ಹೇಳುವುದು. ಮೊದಲು ಉದ್ದ ನೋಡಿ ಗುರುತಿಸುವ ಆಟ: ‘ಮರ’ವೋ ‘ಮರಳುಗಾಡು’ ಅಂದಳೋ. ಆಮೇಲೆ ಸ್ವರ, ಆಮೇಲೆ ವ್ಯಂಜನ. ಆಡಿಯೋ ಪುಸ್ತಕ ಹಚ್ಚಿ ಅದೇ ಪುಟದ ಮೇಲೆ ಬೆರಳಿಟ್ಟು ಹಿಂಬಾಲಿಸುವುದು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಕಣ್ಣು ಮುಂದೆ ಹೋಗಿ ಕಿವಿಗೆ ಹೇಳಿಕೊಡುತ್ತದೆ. ಮೂರನೇ ವಾರ ಗೋಲಿ ಸದ್ದಿನೊಳಗೆ ಮಾತಿನ ನಡಿಗೆ ಕಾಣಿಸಿತು. ಐದನೇ ವಾರ ದನಿ ರೋಬೋಟಿನದು, ಆದರೆ ಪದ ಪದವೇ. ಹನ್ನೊಂದನೇ ವಾರದ ಒಂದು ಮಧ್ಯಾಹ್ನ ಅಕ್ಕ ರಟ್ಟಿನ ಹಿಂದೆ ‘ಮಳೆ’ ‘ಬಳೆ’ ಬೆರೆಸಿ ಇಪ್ಪತ್ತು ಸಲ ಹೇಳಿದಳು. ಹದಿನೇಳು ಸರಿ. ಅವಳು ನಂಬಲಿಲ್ಲ, ರಟ್ಟಿನ ಅಂಚಿನಿಂದ ಇಣುಕುತ್ತಿದ್ದೀಯ ಎಂದು ಜಗಳಕ್ಕೇ ಬಂದಳು. ಇಣುಕಿ ಏನು ಮಾಡಲಿ, ತುಟಿಯಲ್ಲಿ ಅವೆರಡೂ ಒಂದೇ ಅಲ್ಲವೇ!

ಬರೀ 20 ತಂತಿಯಿಂದ ಇದೆಲ್ಲ ಹೇಗೆ ಸಾಧ್ಯ ಎಂದು ಆಗ ಹಳೆಯ ಕಥೆಗಳನ್ನು ಹುಡುಕಿ ಓದಿದೆ. 1957ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೋ ಮತ್ತು ಎಯ್ರಿಯೆಸ್ ಎಂಬಿಬ್ಬರು ಕಿವುಡರೊಬ್ಬರ ಶ್ರವಣ ನರಕ್ಕೆ ಮೊದಲ ಸಲ ಕರೆಂಟ್ ಕೊಟ್ಟಾಗ ಅವರಿಗೆ ಸಿಕ್ಕಿದ್ದು ಲಯ ಮಾತ್ರ, ಮಾತಲ್ಲ. ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ ಅವರಿಗೆ ಎಲೆಕ್ಟ್ರೋಡನ್ನು ಸುರುಳಿಯೊಳಗೆ ನುಗ್ಗಿಸುವುದು ಹೇಗೆ ಎಂಬುದೇ ತಲೆನೋವು. 1977ರಲ್ಲಿ ಸಮುದ್ರದಂಡೆಯಲ್ಲಿ ಕೂತು ಒಂದು ಶಂಖದೊಳಗೆ ಹುಲ್ಲಿನ ಎಸಳು ತೂರಿಸುತ್ತಿದ್ದಾಗ, ತುದಿ ಮೆತ್ತಗೆ ಬುಡ ಗಟ್ಟಿ ಇದ್ದರೆ ಸಲೀಸಾಗಿ ಒಳಗೆ ಹೋಗುತ್ತದೆ ಎಂದು ಹೊಳೆಯಿತಂತೆ. 1978ರಲ್ಲಿ ಮೊದಲ ರೋಗಿಗೆ ಹಾಕಿದರು. ವಿಯೆನ್ನಾದಲ್ಲಿ ಹೋಖ್‌ಮೈರ್ ದಂಪತಿ ಅದೇ ಹೊತ್ತಿಗೆ ತಮ್ಮದನ್ನು ಮಾಡಿದ್ದರು. 1991ರಲ್ಲಿ ಬ್ಲೇಕ್ ವಿಲ್ಸನ್ ತಂಡ, ಎಲೆಕ್ಟ್ರೋಡ್‌ಗಳು ಒಟ್ಟಿಗೆ ಕೂಗದೆ ಒಂದಾದ ಮೇಲೆ ಒಂದು ಅತಿವೇಗದಲ್ಲಿ ಮಿಡಿದರೆ ಮಾತು ಎಷ್ಟೋ ಸ್ಪಷ್ಟವಾಗುತ್ತದೆ ಎಂದು ತೋರಿಸಿತು. ಈ ಮೂವರಿಗೆ, ಅಂದರೆ ಕ್ಲಾರ್ಕ್, ಇಂಗೆಬೋರ್ಗ್ ಹೋಖ್‌ಮೈರ್ ಮತ್ತು ವಿಲ್ಸನ್‌ಗೆ, 2013ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಈಗ ಜಗತ್ತಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಥ ಯಂತ್ರಗಳು ಕಿವಿಯೊಳಗೆ ಕೂತಿವೆ. ಮಿದುಳಿನ ಜೊತೆ ಯಂತ್ರ ಮಾತಾಡುವ ಕಾಲ ಬರಲಿದೆ ಅನ್ನುವವರಿಗೆ ನಾನು ನನ್ನ ಕಿವಿ ತೋರಿಸುತ್ತೇನೆ.

ಸಂಗೀತ ಮಾತ್ರ ಬರಲಿಲ್ಲ. ತಾಳ ಸಿಗುತ್ತದೆ, ಶ್ರುತಿ ಸಿಗುವುದಿಲ್ಲ. ಚೆನ್ನಾಗಿ ಗೊತ್ತಿರುವ ಹಾಡಾದರೆ ನೆನಪು ಸ್ವರ ತುಂಬಿಕೊಡುತ್ತದೆ, ಹೊಸದಾದರೆ ತಗಡು.

ನಾಲ್ಕನೇ ತಿಂಗಳು, ಫೋನಿನಲ್ಲಿ ಮಾತಾಡಲು ಧೈರ್ಯ ಬಂದ ವಾರವೇ, ಕಾಯಿಲ್‌ನ ಕೇಬಲ್ ಒಳಗೇ ತುಂಡಾಯಿತು. ಹೆಬ್ಬೆರಳಿನಷ್ಟು ಉದ್ದದ ತಂತಿ. ಬಿಡಿಭಾಗ ಕಳಿಸುವವರು ‘ದಾಸ್ತಾನಿಲ್ಲ’ ಎಂದರು, ಆಮೇಲೆ ತಪ್ಪು ಮಾಡೆಲ್ ಕಳಿಸಿದರು, ಸರಿಯಾದದ್ದು ಬರುವಾಗ ಹನ್ನೊಂದು ದಿನ. ಸರ್ಜನ್ ಕೌಶಲ, ನನ್ನ ನರ, ಅಕ್ಕನ ರಟ್ಟು ಎಲ್ಲ ಇದ್ದೂ ಆ ಹನ್ನೊಂದು ದಿನ ನಾನು ಮತ್ತೆ ತುಟಿ ನೋಡುತ್ತಾ ಕೂತೆ. ಈಗ ಚೀಲದಲ್ಲಿ ಒಂದು ಹೆಚ್ಚುವರಿ ಕೇಬಲ್, ಒಂದು ಕಾಯಿಲ್ ಇಲ್ಲದೆ ಮನೆ ಬಿಡುವುದಿಲ್ಲ.

ಆ ಹನ್ನೊಂದು ದಿನದಲ್ಲಿ ಹಿತೈಷಿಗಳ ವೀಡಿಯೋಗಳನ್ನು ಮತ್ತೆ ತೆಗೆದು ನೋಡಿದೆ, ಈ ಸಲ ಬೇರೆ ಕಣ್ಣಿನಿಂದ. ನ್ಯೂರಾಲಿಂಕ್‌ನ ಆ ಮೊದಲ ವ್ಯಕ್ತಿಗೆ 64 ಎಳೆಗಳಲ್ಲಿ 1,024 ಎಲೆಕ್ಟ್ರೋಡ್ ಹಾಕಿದ್ದರು. ಕೆಲವೇ ವಾರದಲ್ಲಿ ಹಲವು ಎಳೆಗಳು ಮಿದುಳಿನಿಂದ ಹಿಂದೆ ಸರಿದವು, ಹಿಡಿತ ತಪ್ಪಿತು, ಎಂಜಿನಿಯರ್‌ಗಳು ಉಳಿದವುಗಳಿಂದಲೇ ಸಂಕೇತ ಓದುವಂತೆ ಸಾಫ್ಟ್‌ವೇರ್ ತಿದ್ದಿ ಸರಿಪಡಿಸಿದರು. ಇದು ನನ್ನ ಮ್ಯಾಪಿಂಗ್ ಕೋಣೆಯ ಕಥೆಯೇ ಅಲ್ಲವೇ! ಎರಡು ಕಂಬ ಆರಿಸಿ, ಉಳಿದ ಇಪ್ಪತ್ತಕ್ಕೆ ಸದ್ದು ಹಂಚುವುದು. ಸ್ನಾಯುಗಳ ಶಕ್ತಿ ಕಸಿಯುವ ಎಎಲ್‌ಎಸ್ ಎಂಬ ನರರೋಗದಿಂದ ಮಾತು ಕಳೆದುಕೊಂಡ ಒಬ್ಬರ ಮಿದುಳಿನಲ್ಲಿ 256 ಎಲೆಕ್ಟ್ರೋಡ್ ಇಟ್ಟು, ಅವರು ಆಡಲು ಯತ್ನಿಸಿದ ಪದಗಳನ್ನು ನೂರಕ್ಕೆ 97ರಷ್ಟು ಸರಿಯಾಗಿ ಪರದೆಗೆ ತಂದದ್ದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ತಂಡ 2024ರಲ್ಲಿ ಪ್ರಕಟಿಸಿತು, ಅದೂ ಅವರ ಹಳೆಯ ದನಿಯಲ್ಲಿ ಓದಿಸಿ. ದಿಕ್ಕು ಮಾತ್ರ ಬೇರೆ. ಅಲ್ಲಿ ಮಿದುಳು ಹೇಳುತ್ತದೆ, ಯಂತ್ರ ಕಲಿಯಬೇಕು. ನನ್ನದರಲ್ಲಿ ಯಂತ್ರ ಹೇಳುತ್ತದೆ, ಮಿದುಳು ಕಲಿಯಬೇಕು. ಎರಡರಲ್ಲೂ ಶಸ್ತ್ರಚಿಕಿತ್ಸೆ ಒಂದು ದಿನದ್ದು, ಹೊಂದಿಸುವ ಕೆಲಸ ಆಯುಷ್ಯದ್ದು. ವೀಡಿಯೋದಲ್ಲಿ ಆ ಎರಡನೆಯದು ಇರುವುದಿಲ್ಲ.

ನನ್ನನ್ನು ನಿಜವಾಗಿ ಹೆದರಿಸಿದ್ದು ಕಣ್ಣಿನ ಕಥೆ. ಆರ್ಗಸ್ 2 ಎಂಬ ರೆಟಿನಾ ಇಂಪ್ಲಾಂಟ್, 60 ಎಲೆಕ್ಟ್ರೋಡಿನದು, 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. 350ಕ್ಕೂ ಹೆಚ್ಚು ಕುರುಡರು ಹಾಕಿಸಿಕೊಂಡರು, ಬೆಳಕು ನೆರಳು ಕಂಡರು. 2019ರಲ್ಲಿ ತಯಾರಿಕೆ ನಿಂತಿತು, ಮರುವರ್ಷ ಕಂಪನಿಯೇ ಮುಚ್ಚುವ ಸ್ಥಿತಿಗೆ ಬಂತು. ಕೆಟ್ಟರೆ ಸರಿಮಾಡುವವರಿಲ್ಲದ ಯಂತ್ರ ಕಣ್ಣೊಳಗೆ ಉಳಿಯಿತು. ಹನ್ನೊಂದು ದಿನಕ್ಕೇ ನಾನು ಕುಸಿದಿದ್ದೆ. ಬದಲಿಸಬೇಕಾಗಿ ಬರುವುದರಲ್ಲಿ ತಪ್ಪೇನೂ ಇಲ್ಲ. 1958ರಲ್ಲಿ ಸ್ವೀಡನ್‌ನಲ್ಲಿ ಮೊದಲ ಬಾರಿಗೆ ಪೇಸ್‌ಮೇಕರನ್ನು ದೇಹದೊಳಗೆ ಇಡಿಸಿಕೊಂಡ ವ್ಯಕ್ತಿ 2001ರವರೆಗೆ ಬದುಕಿದರು, ಅಷ್ಟರಲ್ಲಿ ಅವರಿಗೆ 26 ಪೇಸ್‌ಮೇಕರ್ ಬದಲಾಗಿದ್ದವು. ಬದಲಿಸುವವರು ಇದ್ದರು, ಅದು ಮುಖ್ಯ.

ಆದ್ದರಿಂದ ಕಂಪನಿ ಆರಿಸುವಾಗ ಎಷ್ಟು ಎಲೆಕ್ಟ್ರೋಡ್, ಯಾವ ಬಣ್ಣ ಎಂದು ಕೇಳುತ್ತಾ ಕೂರಬೇಡಿ, ನಾನು ಕೂತಿದ್ದೆ. 22, 16, 12 ಎಂಬ ಲೆಕ್ಕದಿಂದ ನಿಮ್ಮ ಫಲ ನಿರ್ಧಾರವಾಗುವುದಿಲ್ಲ. ಹತ್ತು ವರ್ಷ ಹಿಂದೆ ಹಾಕಿದ ಒಳಭಾಗಕ್ಕೆ ಇವತ್ತಿನ ಹೊಸ ಪ್ರೊಸೆಸರ್ ಹೊಂದುತ್ತದೆಯೇ ಎಂದು ಕೇಳಿ. ಒಳಭಾಗದ ವಾರಂಟಿ ಎಷ್ಟು, ಹೊರಭಾಗದ್ದು ಎಷ್ಟು ಎಂದು ಬರಹದಲ್ಲಿ ತೆಗೆದುಕೊಳ್ಳಿ, ಎರಡೂ ಬೇರೆ ಬೇರೆ. ನನ್ನದಕ್ಕೆ ಒಳಗೆ ಹತ್ತು ವರ್ಷ, ಹೊರಗೆ ಮೂರು. ಕೇಬಲ್ ಮುರಿದರೆ ಎಷ್ಟು ದಿನ, ಆ ನಡುವೆ ಎರವಲು ಪ್ರೊಸೆಸರ್ ಕೊಡುತ್ತಾರೆಯೇ? ಮ್ಯಾಪಿಂಗ್ ಮಾಡುವವರು ನೀವು ತಿಂಗಳಿಗೊಮ್ಮೆ ಹೋಗಿ ಬರುವಷ್ಟು ದೂರದಲ್ಲಿದ್ದಾರೆಯೇ? ಎಂಆರ್‌ಐ ಎಷ್ಟು ಟೆಸ್ಲಾವರೆಗೆ (ಆ ಯಂತ್ರದ ಆಯಸ್ಕಾಂತ ಬಲದ ಅಳತೆ), ಆಯಸ್ಕಾಂತ ತೆಗೆಯದೆಯೇ ಆಗುತ್ತದೆಯೇ? ಈಚಿನ ಮಾದರಿಗಳಲ್ಲಿ ಒಳಗಿನ ಆಯಸ್ಕಾಂತ ತಾನೇ ತಿರುಗಿಕೊಳ್ಳುತ್ತದೆ, ಹಳೆಯವುಗಳಲ್ಲಿ ಹಾಗಿರಲಿಲ್ಲ.

ಖರ್ಚಿನ ವಿಷಯದಲ್ಲಿ ಅಂದಾಜು ಪಟ್ಟಿಯನ್ನು ನಂಬಿ ಕೂರಬೇಡಿ. ಬ್ಯಾಟರಿ, ತೇವ ಹೀರುವ ಡಬ್ಬಿ, ಮೈಕಿನ ಮುಚ್ಚಳ, ಕೇಬಲ್, ಮ್ಯಾಪಿಂಗ್ ಶುಲ್ಕ, ಓಡಾಟ, ರಜೆ ಯಾವುದೂ ಅದರಲ್ಲಿ ಇರುವುದಿಲ್ಲ. ದೊಡ್ಡದು ಮುಂದೆ ಇದೆ: ವಾರಂಟಿ ಮುಗಿದು ಕೆಲವು ವರ್ಷಕ್ಕೆ ಪ್ರೊಸೆಸರ್ ಬದಲಿಸಬೇಕು, ಆಗ ವಿಮೆ ಕೈಹಿಡಿಯುತ್ತದೆಂದು ಭರವಸೆಯಿಲ್ಲ. ಸ್ವಿಚ್ ಆನ್ ಆದ ತಿಂಗಳಿಂದಲೇ ಅದಕ್ಕೊಂದು ಬೇರೆ ಖಾತೆ ತೆರೆದು ತಿಂಗಳು ತಿಂಗಳು ಹಾಕುತ್ತಿದ್ದೇನೆ. ಪ್ರೊಸೆಸರ್ ಕಳೆದುಹೋದರೆ ವಾರಂಟಿ ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ವಿಮೆ.

ಹಲ್ಲಿನ ವೈದ್ಯರು, ಫಿಸಿಯೋಥೆರಪಿಸ್ಟ್, ಮುಂದೆ ಯಾವ ಶಸ್ತ್ರಚಿಕಿತ್ಸೆ ಆದರೂ, ಮೊದಲು ಕಾರ್ಡ್ ತೋರಿಸಿ. ತಲೆ ಕುತ್ತಿಗೆ ಭಾಗದಲ್ಲಿ ಮೊನೋಪೋಲಾರ್ ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಾಧನ) ಬಳಸುವಂತಿಲ್ಲ, ಡಯಾಥರ್ಮಿ (ವಿದ್ಯುತ್ ಅಲೆಗಳಿಂದ ಶಾಖ ಕೊಡುವುದು) ಕೂಡದು. ಭುಜ ನೋವಿಗೆ ಹೋದ ನನಗೆ ಯಂತ್ರ ಹಚ್ಚಲು ಬಂದವರಿಗೆ ಇದು ಗೊತ್ತಿರಲಿಲ್ಲ. ಕಾಯಿಲ್ ಕೂರುವ ಜಾಗದ ಚರ್ಮವನ್ನೂ ವಾರಕ್ಕೊಮ್ಮೆ ಯಾರಿಂದಾದರೂ ನೋಡಿಸಿ. ಆಯಸ್ಕಾಂತ ಜೋರಾದರೆ ಕೆಂಪಾಗಿ ಹುಣ್ಣಾಗುತ್ತದೆ, ಕಡಿಮೆ ಬಲದ್ದನ್ನು ಹಾಕಿಕೊಡುತ್ತಾರೆ.

ಸ್ವಿಚ್ ಆನ್ ಆಗಿ ಆರು ತಿಂಗಳಿಗೆ ವಾಕ್ಯ ಪರೀಕ್ಷೆ ಮತ್ತೆ ಮಾಡಿದರು. ಮೌನದಲ್ಲಿ 71, ಗದ್ದಲದಲ್ಲಿ 44. ನಾಲ್ಕರಿಂದ ಬಂದವರಿಗೆ ಇದು ಕಡಿಮೆಯಲ್ಲ. ಮದುವೆ ಮನೆಯಂಥ ಗಲಾಟೆಯಲ್ಲಿ ಈಗಲೂ ಅರ್ಧ ಊಹೆಯೇ. ಯಾರು ಎತ್ತ ಕಡೆಯಿಂದ ಕೂಗಿದರು ಎಂದು ತಿಳಿಯುವುದಿಲ್ಲ, ಅದಕ್ಕೆ ಎರಡು ಕಿವಿ ಬೇಕು. ಎಡಗಿವಿ ಈ ನಡುವೆ 75ರಿಂದ 90ಕ್ಕೆ ಜಾರಿದೆ. ಅಲ್ಲಿಗೂ ಹಾಕಿಸಿಕೊಳ್ಳುವುದೆಂದು ಹೋದ ತಿಂಗಳು ಅರ್ಜಿ ಹಾಕಿದೆ. ಲಸಿಕೆ ಆಗಿದೆ, ಇನಿಶಿಯಲ್ ಎಲ್ಲ ಕಡೆ ಒಂದೇ ಆಗಿದೆ. ಮೊನ್ನೆ ವಿಮೆಯವರಿಂದ ಪತ್ರ ಬಂತು: ಹೊರಗಿನ ಪ್ರೊಸೆಸರ್ ಶ್ರವಣ ಸಾಧನವಾದ್ದರಿಂದ ಪಾಲಿಸಿಯಲ್ಲಿ ಬರುವುದಿಲ್ಲ. ಆ ನಾಲ್ಕು ಸಾಲಿನ ಉತ್ತರ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ದಿನಾಂಕ ತಿದ್ದಿ, ‘ಬಲ’ ಇದ್ದಲ್ಲಿ ‘ಎಡ’ ಮಾಡಿ, ಕಳಿಸಿದ್ದೇನೆ.